ಟಿವಿಯ ಬೆನ್ನಿಗೊಂದು ಡಬ್ಬಿ

ಮೇ ತಿಂಗಳ ಮಟಮಟ ಮಧ್ಯಾಹ್ನ ಶಹಾಬಾದಿನ ಹಳೆಯ ಮನೆಯೊಂದನ್ನು ಹೊಕ್ಕರೆ ಸುಖ ಮೊದಲು ಗೊತ್ತಾಗುವುದು ಅಂಗಾಲಿಗೆ. ಹೊರಗೆ 43 ಡಿಗ್ರಿ ಬಿಸಿಲು, ಒಳಗೆ ಪರ್ಸಿ ಕಲ್ಲಿನ ತಣ್ಣನೆ ನೆಲ. ನೆಲವೊಂದೇ ಅಲ್ಲ, ಗೋಡೆಯೂ ಕಲ್ಲು, ಗೋಡೆಯೊಳಗೆ ಹುಗಿದ ಕಪಾಟಿನ ಹಲಗೆಯೂ ಕಲ್ಲು, ಬಚ್ಚಲಿನ ಹಾಸೂ ಕಲ್ಲು. ಊರಿನ ಹೆಸರು ಹೊತ್ತ ಈ ಸುಣ್ಣಗಲ್ಲು ದೇಶದ ಎಷ್ಟೋ ಅಂಗಳಗಳಿಗೆ ಹಾಸಾಗಿ ಹೋಗಿದೆ.

ಪಡಸಾಲೆಯ ಆ ಕಲ್ಲ ಹಲಗೆಯ ಮೇಲೆ ಏನೇನು ಕೂತು ಎದ್ದುಹೋಗಿವೆ! ಮೊದಲು ಕಲಬುರಗಿ ಆಕಾಶವಾಣಿ ಹಿಡಿಯುತ್ತಿದ್ದ ರೇಡಿಯೊ. ಆಮೇಲೆ ಮರದ ಬಾಗಿಲಿದ್ದ ಕಪ್ಪು–ಬಿಳುಪು ಟಿವಿ. ಅದರ ಹಿಂದೆಯೇ ಗೂನು ಬೆನ್ನಿನ ಕಲರ್ ಟಿವಿ, ಅದರ ತಲೆಯ ಮೇಲೆ ಕ್ರೋಶಾ ಹೆಣಿಕೆಯ ಮುಸುಕು, ಮುಸುಕಿನ ಮೇಲೆ ಪ್ಲಾಸ್ಟಿಕ್ ಹೂದಾನಿ. ಈಗ ಟಿವಿ ತೆಳ್ಳಗಾಗಿ ಗೋಡೆ ಹತ್ತಿದೆ. ಖಾಲಿಯಾದ ಹಲಗೆಯ ಮೇಲೆ ಒಂದು ಗೇಣಗಲದ ಕರಿ ಡಬ್ಬಿ ಬಂದು ಕೂತಿದೆ. ಎಲ್ಲಿಯದೋ ಆಫೀಸಿನಲ್ಲಿ ಕೆಲ ವರ್ಷ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಅದು. ಅದರ ಬೆನ್ನಿನಿಂದ ಹೊರಟ ವೈರು ಗೋಡೆ ಏರಿ ಟಿವಿಯ ಬೆನ್ನಿಗೆ ಸೇರಿದೆ. ಕಾಲೇಜು ಓದುವ ಮೊಮ್ಮಗ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತಿದ್ದಾನೆ. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮುತ್ಯಾ ಆರಾಮ ಕುರ್ಚಿಯಲ್ಲಿದ್ದಾರೆ. ಬಾಗಿಲಲ್ಲಿ ನಿಂತ ಪಕ್ಕದ ಮನೆಯವರ ಪ್ರಶ್ನೆ ಒಂದೇ: "ಟಿವಿನೇ ಸ್ಮಾರ್ಟ್ ಅದ ಅಂತೀರಿ, ಮತ್ತ ಈ ಡಬ್ಬಿ ಯಾಕ್ರಿ?"

ಕೇಳಬೇಕಾದ ಪ್ರಶ್ನೆಯೇ. ಡಬ್ಬಿಯ ಕೆಲಸ ಇಷ್ಟು: ಮನೆಮಂದಿಯ ಮೊಬೈಲು, ಪೆನ್ ಡ್ರೈವ್, ಸಿಡಿ, ಕ್ಯಾಸೆಟ್ಟುಗಳಲ್ಲಿ ಚದುರಿ ಬಿದ್ದ ಸಿನಿಮಾ, ಭಜನೆ, ಫೋಟೊ, ಮದುವೆ ವಿಡಿಯೊಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಕೂಡಿಟ್ಟುಕೊಳ್ಳುವುದು, ಕೇಳಿದಾಗ ಟಿವಿ ಪರದೆಗೆ ತಂದುಕೊಡುವುದು. ತರುವವನು ಕೋಡಿ, ಕಾಸಿಲ್ಲದೆ ಸಿಗುವ ಸಾಫ್ಟ್‌ವೇರು. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದಲ್ಲಿ ವಿಡಿಯೊ ಓಡಿಸಿಯೇ ಬಿಡುತ್ತೇವೆಂದು ಹೊರಟ ಹವ್ಯಾಸಿಗಳ ಕೈಯಲ್ಲಿ ಹುಟ್ಟಿ, 2014ರಲ್ಲಿ ಈ ಹೆಸರು ಪಡೆಯಿತು. ಸ್ಮಾರ್ಟ್ ಟಿವಿ ತೋರಿಸುವುದು ಬೇರೆಯವರ ಅಂಗಡಿಯ ಸರಕು. ಚಂದಾ ನಿಂತ ದಿನ ಬಾಗಿಲು ಮುಚ್ಚುತ್ತದೆ, ಅಂಗಡಿಯವನು ಬೇಡವೆಂದರೆ ನಿನ್ನೆ ಇದ್ದ ಸಿನಿಮಾ ಇವತ್ತು ಇರುವುದಿಲ್ಲ. ಡಬ್ಬಿಯಲ್ಲಿ ಇರುವುದು ಮನೆಯದು. ಆದರೆ ಈ ಮಾತು ಪಕ್ಕದ ಮನೆಯವರಿಗೆ ಅಷ್ಟು ಬೇಗ ಒಪ್ಪಿಗೆಯಾಗುವುದಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತಾರೆ.

ಇಂಥ ಡಬ್ಬಿಗಳು ಈ ಸೀಮೆಗೆ ಬರುವುದು ಹೆಚ್ಚಾಗಿ ವಾಡಿಯ ಹಾದಿಯಲ್ಲಿ. ಮುಂಬೈ–ಚೆನ್ನೈ ಹಳಿಯಿಂದ ಹೈದರಾಬಾದಿನ ಹಳಿ ಕವಲೊಡೆಯುವ ಜಂಕ್ಷನ್ ಅದು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಶುರುವಾದಂದಿನಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಊರುಗಳ ದೊಡ್ಡ ಪೇಟೆ ಎಂದರೆ ಪೂರ್ವಕ್ಕೇ. ಮದುವೆ ಸೀರೆಗೆ, ದವಾಖಾನೆಗೆ, ಈಗ ಕಂಪ್ಯೂಟರಿಗೆ. ಸಿಕಂದರಾಬಾದಿನ ಪಾರ್ಕ್ ಲೇನ್ ಬಳಿಯ ಚಿನಾಯ್ ಟ್ರೇಡ್ ಸೆಂಟರಿನಲ್ಲಿ ಮಹಡಿ ಮಹಡಿಯೂ ಕಂಪ್ಯೂಟರ್ ಅಂಗಡಿ. ದೊಡ್ಡ ಕಂಪನಿಗಳಿಂದ ಹೊರಬಿದ್ದ ಡೆಲ್, ಎಚ್‌ಪಿ, ಲೆನೊವೊ ಡಬ್ಬಿಗಳು ಅಲ್ಲಿ ಇಟ್ಟಿಗೆ ಪೇರಿಸಿದ ಹಾಗೆ ನಿಂತಿರುತ್ತವೆ. ಬೆಳಿಗ್ಗೆ ರೈಲು ಹತ್ತಿದವನು ಹೊಸ ಮೊಬೈಲಿನ ಅರ್ಧ ಬೆಲೆಗೆ ಒಂದನ್ನು ಚೀಲಕ್ಕೆ ಹಾಕಿಕೊಂಡು ರಾತ್ರಿ ಮನೆಗೆ ಬರಬಹುದು.

ಕೊಳ್ಳುವಾಗ ನೋಡಬೇಕಾದ್ದು ಹೊರಗಿನ ಹೊಳಪನ್ನಲ್ಲ, ಒಳಗಿನ ಪ್ರೊಸೆಸರಿನ ತಲೆಮಾರನ್ನು. ಇವತ್ತಿನ ಬಹಳಷ್ಟು ವಿಡಿಯೊ 2013ರಲ್ಲಿ ಬಂದ ಎಚ್–265 ಎಂಬ ಪದ್ಧತಿಯಲ್ಲಿ ಅಡಕವಾಗಿರುತ್ತದೆ. ಕಡತ ಸಣ್ಣದಾಗುತ್ತದೆ, ಬಿಚ್ಚುವ ಕೆಲಸ ದೊಡ್ಡದಾಗುತ್ತದೆ. ಇಂಟೆಲ್‌ನ ಆರನೇ ತಲೆಮಾರಿನಿಂದೀಚೆಗೆ ಅದನ್ನು ಬಿಚ್ಚುವ ಸವಲತ್ತು ಚಿಪ್ಪಿನಲ್ಲೇ ಕೂಡಿಬಂತು. ಏಳನೆಯದಾದರೆ ಇನ್ನೂ ಮೇಲು. ಅಟ್ಟದ ಮೇಲಿನ ಹಳೆಯ ಕೋರ್ ಟೂ ಡ್ಯುಯೊ ಯಂತ್ರವನ್ನೇ ಇಳಿಸಿ ತಂದರೆ ಫ್ಯಾನು ಬೊಬ್ಬೆ ಹೊಡೆಯುತ್ತದೆ, ನಾಯಕ ನಿಂತು ನಿಂತು ಕುಣಿಯುತ್ತಾನೆ.

ಇನ್ನು ಕರೆಂಟಿನ ಲೆಕ್ಕ. ಅಟ್ಟದ ದೊಡ್ಡ ಸಿಪಿಯು 70 ವ್ಯಾಟ್ ಎಳೆಯುತ್ತದೆ ಎನ್ನಿ. ದಿನಕ್ಕೆ ಐದು ತಾಸು ಓಡಿದರೆ ತಿಂಗಳಿಗೆ ಹತ್ತು ಯೂನಿಟ್ಟು ದಾಟುತ್ತದೆ. ಸಣ್ಣ ಡಬ್ಬಿ 15 ವ್ಯಾಟಿನ ಆಸುಪಾಸು, ತಿಂಗಳಿಗೆ ಎರಡು ಯೂನಿಟ್ಟಿನ ಮೇಲಿಷ್ಟು. ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲೇ. ಅದಕ್ಕೂ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ 10ರಷ್ಟು ಸೇರಿಸಿದ್ದು ಉಚಿತ, ಮಿಕ್ಕಿದ್ದಕ್ಕೆ ಬಿಲ್ಲು. ಸರಾಸರಿ 60 ಯೂನಿಟ್ ಇದ್ದ ಮನೆಗೆ 66ರವರೆಗೆ ನಿಶ್ಚಿಂತೆ. ಸಣ್ಣ ಡಬ್ಬಿ ಆ ಆರರೊಳಗೇ ಬದುಕಿಕೊಳ್ಳುತ್ತದೆ, ದೊಡ್ಡದು ಗೆರೆ ದಾಟಿ ಜೆಸ್ಕಾಂನ ಬಿಲ್ಲು ತರುತ್ತದೆ. ಮುತ್ಯಾ ಈ ಲೆಕ್ಕವನ್ನು ಎರಡು ಸಲ ಮಾಡಿಸಿ, ಆಮೇಲಷ್ಟೇ ದುಡ್ಡು ಬಿಚ್ಚಿದರು.

ವಾಡಿಯಲ್ಲಿ ಇನ್ನೊಂದು ಖರ್ಚೂ ಇದೆ, ಧೂಳು. ಸುತ್ತ ಸಿಮೆಂಟ್ ಕಾರ್ಖಾನೆ, ಆಚೆಗೆ ಕಲ್ಲಿನ ಗಣಿ, ರಸ್ತೆಯ ಮೇಲೆ ಲಾರಿಗಳ ಸಾಲು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಗೆ ಹೆಸರು ಬರೆಯಬಹುದು. ಅದೇ ಧೂಳು ಫ್ಯಾನಿನ ಹಾದಿಯಲ್ಲಿ ಒಳಹೊಕ್ಕು ತಗಡಿನ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೋಣೆಯ ಗಾಳಿಯೇ ಕಾದಿರುವಾಗ ಪ್ರೊಸೆಸರು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೇ ಅಲ್ಲಿನ ರಿಪೇರಿ ಹುಡುಗರು ಡಬ್ಬಿ ಬಿಚ್ಚಿ ಬ್ಲೋವರ್ ಹೊಡೆದು, ಒಣಗಿದ ಪೇಸ್ಟ್ ಕೆರೆದು ಹೊಸದು ಬಳಿದು ಕೊಡುತ್ತಾರೆ. ಬಟ್ಟೆಯಿಂದ ಮುಚ್ಚಬೇಡಿ ಎಂದು ಮೂರು ಸಲ ಹೇಳುತ್ತಾರೆ. ಮನೆಗೆ ಬಂದ ಕೂಡಲೇ ಅಜ್ಜಿ, ಅಂದರೆ ಆಯಿ, ಹಳೆಯ ಕ್ರೋಶಾ ಮುಸುಕು ಹುಡುಕಿ ತಂದು ಹೊದಿಸುತ್ತಾರೆ. ಮೊಮ್ಮಗ ತೆಗೆಯುತ್ತಾನೆ. ಈ ಜಗ್ಗಾಟ ಇನ್ನೂ ಮುಗಿದಿಲ್ಲ.

ಡಬ್ಬಿ ಬಂತು, ಟಿವಿ ಇದೆ; ಎರಡನ್ನು ಕೂಡಿಸುವ ಕಡೆ ತಕರಾರು. ಆಫೀಸಿಗೆಂದು ಮಾಡಿದ ಎಷ್ಟೋ ಡಬ್ಬಿಗಳಿಗೆ ಟಿವಿಯ ಎಚ್‌ಡಿಎಂಐ ಕಿಂಡಿಯೇ ಇರುವುದಿಲ್ಲ. ಒಂದು ಮೂಲೆ ಕತ್ತರಿಸಿದಂತಿರುವ ಡಿಸ್‌ಪ್ಲೇ ಪೋರ್ಟ್ ಇರುತ್ತದೆ. ಎರಡನ್ನೂ ಬೆಸೆಯುವ ಕೇಬಲ್ ಸಿಕ್ಕಿದ್ದು ಚಿತ್ತಾಪುರದ ಮೊಬೈಲ್ ಅಂಗಡಿಯಲ್ಲಿ. ಆ ಅಂಗಡಿಗೂ ಒಂದು ಚರಿತ್ರೆ ಉಂಟು. 2016ರಲ್ಲಿ ಜಿಯೊ ಬಂದು ಡೇಟಾ ಸೋವಿಯಾಗುವ ಮೊದಲು ಬಸ್ ಸ್ಟ್ಯಾಂಡಿನ ಆಸುಪಾಸು ಇಂಥ ಅಂಗಡಿಗಳ ಮುಂದೆ ಹುಡುಗರ ಸಾಲು. ಉಗುರಿನಗಲದ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಗಿರಾಕಿಗಳು ಅವರು. ಕನ್ನಡ ಸಿನಿಮಾ ಹಾಡು ಇಪ್ಪತ್ತು, ಹಿಂದಿ ಹತ್ತು, ತೆಲುಗು ಹತ್ತು, ಕವ್ವಾಲಿ ಐದು, ಮೊಹರಂ ಪದ ಎರಡು, ಲಂಬಾಣಿ ಹಾಡು ಒಂದಿಷ್ಟು. ಅಂಗಡಿಯವನು ಮುಖ ನೋಡಿಯೇ ಯಾವುದನ್ನು ಎಷ್ಟು ಹಾಕಬೇಕೆಂದು ಬಲ್ಲವನು. ಆ ಕಂಪ್ಯೂಟರಿನ ಫೋಲ್ಡರುಗಳಲ್ಲಿ ಇಡೀ ತಾಲ್ಲೂಕಿನ ಕಿವಿ ಇತ್ತು. ಆ ದಂಧೆ ಈಗಿಲ್ಲ. ಅಂಗಡಿಯಲ್ಲಿ ಕವರು, ಚಾರ್ಜರು, ಕೇಬಲ್ಲು ತೂಗುತ್ತಿವೆ.

ಕೇಬಲ್ ಸಿಕ್ಕಿಸಿದ ಕೂಡಲೇ ಚಿತ್ರ ಬಂತು. ಆದರೆ ಪರದೆಯ ನಾಲ್ಕೂ ಅಂಚು ಕತ್ತರಿಸಿಹೋಗಿದೆ, ಮೇಲೆ ಹೆಸರಿನ ಅರ್ಧ, ಕೆಳಗೆ ಗಡಿಯಾರದ ಅರ್ಧ. ಹಳೆಯ ಟಿವಿಗಳ ಕಾಲದಿಂದ ಉಳಿದುಬಂದ ರೂಢಿ ಅದು; ಬಂದ ಚಿತ್ರವನ್ನು ಟಿವಿ ತುಸು ಹಿಗ್ಗಿಸಿ ತೋರಿಸುತ್ತದೆ. ಟಿವಿಯ ಚಿತ್ರದ ಅಳತೆಯನ್ನು 'ಜಸ್ಟ್ ಸ್ಕ್ಯಾನ್' ಅಥವಾ 'ಫುಲ್ ಪಿಕ್ಸೆಲ್' ಎಂಬಲ್ಲಿಗೆ ತಂದರೆ ಸರಿ. ಮುಂದಿನ ತಕರಾರು ಮುತ್ಯಾನದು.

"ಚಿತ್ರ ಬರ್ಲಕತ್ತದ, ಆವಾಜ್ ಬರವಲ್ದಲ್ಲೋ ತಮ್ಮಾ?"

"ಮುತ್ಯಾ, ಆವಾಜ್ ಇನ್ನಾ ಕಂಪ್ಯೂಟರಿನಾಗೇ ಅದ. ಸೆಟ್ಟಿಂಗಿನಾಗ ಹೋಗಿ ಟಿವಿಗಿ ಕೊಡಬೇಕು."

ಕೊಟ್ಟ. ಮುಂದೆ ಓಡಿದ ಸಿನಿಮಾದ ನಾಯಕ ತೆಲುಗಿನಲ್ಲಿ ಗದರಿದ. ಮೊಮ್ಮಗ ಒಂದು ಗುಂಡಿ ಒತ್ತಿದ. ಅದೇ ತುಟಿ, ಅದೇ ಸಿಟ್ಟು, ಮಾತು ಮಾತ್ರ ಕನ್ನಡ. ಒಂದೇ ಕಡತದಲ್ಲಿ ಒಂದು ಚಿತ್ರ, ನಾಲ್ಕು ಭಾಷೆಯ ದನಿ. ಪಕ್ಕದ ಮನೆಯವರು ಮೊದಲ ಸಲ ಮುಂದಕ್ಕೆ ಬಾಗಿ ಕೂತರು.

ಒಂದೇ ಚಿತ್ರಕ್ಕೆ ಹಲವು ದನಿ, ಇದು ಈ ಸೀಮೆಗೆ ಹೊಸದೇ? ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಾಸಾದ ಎಟಿಎಸ್–6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ಒಂದು ಪ್ರಯೋಗ ನಡೆಸಿತು. ಹೆಸರು 'ಸೈಟ್'. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರ ಟಿವಿ. ಕರ್ನಾಟಕದಲ್ಲಿ ಆ ಭಾಗ್ಯ ಬಂದಿದ್ದು ಬೆಂಗಳೂರು, ಮೈಸೂರುಗಳಿಗಲ್ಲ. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ 3 ಮೀಟರ್ ಅಗಲದ ಆಂಟೆನಾ, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಸೆಟ್ಟು, ಮುಂದೆ ನೆಲದ ಮೇಲೆ ಕೂತ ಊರು. ಉಪಗ್ರಹ ನಿಂತಿದ್ದು ಪೂರ್ವ ಆಫ್ರಿಕಾದ ನೆತ್ತಿಯಲ್ಲಾದ್ದರಿಂದ ಆ ಬಲೆಗಳು ಪಡುವಣಕ್ಕೆ ಮುಖ ಮಾಡಿದ್ದವು. ಮತ್ತು ಆ ಉಪಗ್ರಹ ಒಂದೇ ಚಿತ್ರದ ಜೊತೆ ಎರಡು ದನಿ ಕಳಿಸಬಲ್ಲದಾಗಿತ್ತು. ಆಂಧ್ರದ ಹಳ್ಳಿಗೆ ತೆಲುಗು, ಇಲ್ಲಿಯ ಹಳ್ಳಿಗೆ ಕನ್ನಡ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಗೆ ದೂರದರ್ಶನದ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ಬಂದಿದ್ದು 1981ರಲ್ಲಿ.

ಅಂದರೆ ಇಲ್ಲಿ ಟಿವಿ ಮನೆಗಿಂತ ಮೊದಲು ಊರಿಗೆ ಬಂತು. ಏನು ನೋಡಬೇಕು, ಯಾವ ಹೊತ್ತಿಗೆ ನೋಡಬೇಕು ಎಂಬುದು ದೂರದಲ್ಲಿ ನಿರ್ಧಾರವಾಗುತ್ತಿತ್ತು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಆಮೇಲೆ ಬಾಡಿಗೆ ವಿಸಿಆರ್ ತಂದು ರಾತ್ರಿಯೆಲ್ಲ ಮೂರು ಸಿನಿಮಾ ನೋಡುವ ಕಾಲ ಬಂತು, ಕೇಬಲ್ ಬಂತು, ಡಿಶ್ ಬಂತು. ಈಗಿನ ಡಿಡಿ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ, 'ಚಂದನ'ವೂ ಬರುತ್ತದೆ. ಅದರ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಹಾಗಾಗಿ ಶಹಾಬಾದಿನಿಂದ ಚಿಂಚೋಳಿಯವರೆಗೆ ಮಾಳಿಗೆಯ ಮೇಲಿನ ತಟ್ಟೆಗಳೆಲ್ಲ ಆಗ್ನೇಯಕ್ಕೆ, ಒಲೆಯ ಮೂಲೆಗೆ, ನೋಡುತ್ತಿವೆ. ಡಬ್ಬಿಗೆ ಒಂದು ಟ್ಯೂನರ್ ಸಿಕ್ಕಿಸಿ ಆ ತಟ್ಟೆಯ ವೈರನ್ನೇ ಕೊಟ್ಟರೆ ಬೀಗವಿಲ್ಲದ ಚಾನೆಲ್ಲುಗಳನ್ನು ನೋಡಲೂಬಹುದು, ಹಿಡಿದಿಡಲೂಬಹುದು.

ಸಿನಿಮಾಗಳನ್ನು ತುಂಬಿಸುವುದು ಸುಲಭ, ತಕ್ಕ ಹೆಸರು ಕೊಡುವುದು ಮುಖ್ಯ. 'ಓಂ' ಎಂದಷ್ಟೇ ಬರೆದರೆ ಕೋಡಿ ಬೇರೆ ಯಾವುದೋ ಭಾಷೆಯ 'ಓಂ'ನ ಪೋಸ್ಟರ್ ತಂದು ಅಂಟಿಸುತ್ತದೆ. ಪಕ್ಕದಲ್ಲಿ 1995 ಎಂದು ಬರೆದರೆ ಶಿವರಾಜಕುಮಾರ್ ಬರುತ್ತಾರೆ. ಇನ್ನು ಹಕ್ಕಿನ ಮಾತು. ನಮ್ಮ ಕಾನೂನಿನ ಪ್ರಕಾರ ಸಿನಿಮಾದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. 1954ರ 'ಬೇಡರ ಕಣ್ಣಪ್ಪ' ಆ ಗೆರೆ ದಾಟಿ ಬಹಳ ಕಾಲವಾಯಿತು. ಮೊನ್ನೆ ಬಿಡುಗಡೆಯಾದದ್ದು ದಾಟಿಲ್ಲ. ಟೆಲಿಗ್ರಾಂನಲ್ಲಿ ಪುಕ್ಕಟೆ ಬಂದ ಮಾತ್ರಕ್ಕೆ ಅದು ಮನೆಯದಾಗುವುದಿಲ್ಲ. ಹಾಗಾದರೆ ನಿಜವಾಗಿ ಮನೆಯದು ಎನ್ನುವಂಥದ್ದು ಎಲ್ಲಿದೆ? ಸೇಡಂನ ಟ್ರಂಕಿನಲ್ಲಿದೆ.

ಮುತ್ಯಾನ ಮಗಳನ್ನು ಕೊಟ್ಟ ಊರು ಸೇಡಂ. ತಾಂಡೂರಿನ ಕಡೆಯಿಂದ ತಂದ ಸೊಸೆಯರು ಇರುವ ಮನೆ. ಅಡುಗೆಮನೆಯಲ್ಲಿ ತೆಲುಗು, ಪಡಸಾಲೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ. ಟ್ರಂಕಿನಲ್ಲಿ ಮದುವೆಯ ಕ್ಯಾಸೆಟ್ಟುಗಳು. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಅವನ್ನು ಓಡಿಸುವ ವಿಸಿಆರ್ ಹುಡುಕುವುದೇ ದೊಡ್ಡ ಕೆಲಸ. ಸಿಕ್ಕರೆ ಅದರ ಕೆಂಪು–ಬಿಳಿ–ಹಳದಿ ಪಿನ್ನುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಕೊಟ್ಟು, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಬೇಕು. ಇಲ್ಲಿ ಅವಸರ ನಡೆಯುವುದಿಲ್ಲ. ಮೂರು ತಾಸಿನ ಮದುವೆ ಕಂಪ್ಯೂಟರಿಗೆ ಇಳಿಯಲು ಮೂರು ತಾಸೇ ಬೇಕು. ಹಾಗಾಗಿ ಮನೆಮಂದಿ ಎಲ್ಲ ಕೂತು ಮತ್ತೊಮ್ಮೆ ಮದುವೆ ಮಾಡಿ ಮುಗಿಸುತ್ತಾರೆ.

ಪರದೆಯ ಮೇಲೆ ಹೃದಯದಾಕಾರದ ಚೌಕಟ್ಟಿನಲ್ಲಿ ಮದುಮಗ, ಗುಲಾಬಿ ಹೂವಿನೊಳಗಿಂದ ಮದುಮಗಳು. ಸುರಗಿ ನೀರು, ಅಕ್ಕಿಕಾಳು, ಬ್ಯಾಂಡಿನವರ ಕೆಂಪು ಕೋಟು, ಹಂದರದಲ್ಲಿ ಬುಂದಿ ಬಡಿಸುವ ಬಕೀಟು. ಆದರೆ ಯಾರ ದನಿಯೂ ಇಲ್ಲ. ವಿಡಿಯೊ ಅಂಗಡಿಯವನು ಮಿಕ್ಸಿಂಗ್ ಮಾಡುವಾಗ ಎಲ್ಲರ ಮಾತು ಅಳಿಸಿ ಮೇಲೆ ಹಿಂದಿ ಸಿನಿಮಾ ಹಾಡು ಹಾಸಿದ್ದಾನೆ. ಆ ಕಾಲದ ಮದುವೆ ಕ್ಯಾಸೆಟ್ಟುಗಳಲ್ಲಿ ಬಹಳಷ್ಟು ಹೀಗೇ. ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಮಾತ್ರ ಹಂದರದ ಗದ್ದಲ ಒಂದಿಷ್ಟು ಉಳಿದಿದೆ. ಆ ಸಂದು ಬಂದಾಗ ಕೋಣೆಯಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಾರೆ.

"ತಡಿ ತಡಿ, ಹಿಂದಕ್ಕ ತಗೋ. ಅಕಿ ನಮ್ಮ ದೊಡ್ಡವ್ವ ಅಲ್ಲೇನು? ಊಟಕ್ಕ ಕರೀಲಕತ್ತಾಳ ನೋಡು!"

ಆ ಮನೆಯ ಮೊಮ್ಮಗಳು ಹಿಂದಕ್ಕೆ ಒಯ್ಯುತ್ತಾಳೆ. ಇನ್ನೊಮ್ಮೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಾಳೆ: ಯಾರು, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದು. ಸಿನಿಮಾಕ್ಕಾದರೆ ನಟರ ಹೆಸರು ಇಂಟರ್ನೆಟ್ಟಿನಿಂದ ತಾನಾಗಿ ಬರುತ್ತದೆ. ಈ ವಿಡಿಯೊದ ಪಾತ್ರವರ್ಗ ಗೊತ್ತಿರುವುದು ಎದುರಿಗೆ ಕೂತ ಇಬ್ಬರು ಮುದುಕಿಯರಿಗೆ ಮಾತ್ರ. ಈ ಇಡೀ ಉಸಾಬರಿಯಲ್ಲಿ ತಡ ಮಾಡಬಾರದ ಕೆಲಸವೆಂದರೆ ಇದೊಂದೇ. ಯಂತ್ರ ಬರುವ ವರ್ಷವೂ ಸಿಗುತ್ತದೆ, ಇನ್ನೂ ಸೋವಿಗೇ ಸಿಗುತ್ತದೆ. ಗುರುತು ಹಿಡಿಯುವ ಕಣ್ಣು ಸಿಗುವುದಿಲ್ಲ.

ಸೇಡಂನಿಂದ ಉತ್ತರಕ್ಕೆ ಚಿಂಚೋಳಿ. ರೈಲಿಲ್ಲದ ತಾಲ್ಲೂಕು. ತೊಗರಿ ಹೊಲಗಳು ಮುಗಿದು ಕುಂಚಾವರಂ ಕಡೆಗೆ ಕಾಡು ಶುರುವಾದಂತೆ ಮೊಬೈಲಿನ ಗೆರೆಗಳು ಒಂದೊಂದೇ ಕಳಚುತ್ತವೆ. ಲಂಬಾಣಿ ತಾಂಡಾಗಳಲ್ಲಿ ಸಿಗ್ನಲ್ ಸಿಗುವ ಜಾಗ ಎಲ್ಲರಿಗೂ ಗೊತ್ತು. ಒಂದು ಮಾಳಿಗೆ, ಒಂದು ಬಂಡೆ, ಒಂದು ಹುಣಸೆ ಮರದ ಬುಡ. ಆನ್‌ಲೈನ್ ಸಿನಿಮಾ ಇಲ್ಲಿ ತಿರುಗುವ ಚಕ್ರ ತೋರಿಸಿ ನಿಲ್ಲುತ್ತದೆ. ಡಬ್ಬಿ ನಿಲ್ಲುವುದಿಲ್ಲ, ಅದಕ್ಕೆ ಟವರಿನ ಹಂಗಿಲ್ಲ. ಒಂದು ರೌಟರ್ ಹಚ್ಚಿ ಜೆಲ್ಲಿಫಿನ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಕೂರಿಸಿದರೆ, ಇಂಟರ್ನೆಟ್ಟೇ ಇಲ್ಲದ ವೈಫೈನಲ್ಲಿ ಅಂಗಳದ ತುಂಬ ಫೋನುಗಳು ಒಂದೇ ಡಿಸ್ಕಿನಿಂದ ವಿಡಿಯೊ ನೋಡುತ್ತವೆ. ಶಹಾಬಾದಿನ ಮನೆಯಲ್ಲಿ ಇದಕ್ಕೆ ಕಲ್ಲುಗೋಡೆಯ ಅಡ್ಡಿ. ವೇಗದ 5 ಗಿಗಾಹರ್ಟ್ಸ್ ಅಲೆ ಮೊದಲ ಗೋಡೆಗೇ ಸೋಲುತ್ತದೆ. ತಾಂಡಾದ ತಗಡು ಬಾಗಿಲಿನ ಮುಂದೆ, ಬಯಲಿನಲ್ಲಿ, ಆ ತೊಂದರೆಯಿಲ್ಲ. ಕರೆಂಟ್ ಹೋಗಿ ಬರುವುದು ಮಾತ್ರ ಇಲ್ಲೂ ಇದೆ. ಅದಕ್ಕೆ ಲಿಬ್ರೆಲೆಕ್ ಎಂಬ ಕೋಡಿಯ ಸಣ್ಣ ಆಪರೇಟಿಂಗ್ ಸಿಸ್ಟಂ ವಾಸಿ. ಅದರ ಮೂಲ ಕಡತ ಓದಲಷ್ಟೇ ತೆರೆದಿರುವುದರಿಂದ ತಟ್ಟನೆ ಕರೆಂಟ್ ಕಡಿದರೂ ಸುಲಭಕ್ಕೆ ಕೆಡುವುದಿಲ್ಲ.

ದೀಪಾವಳಿಗೆ ಮುಂಬೈ, ಪುಣೆ, ಹೈದರಾಬಾದಿನಿಂದ ದುಡಿಯುವವರು ತಾಂಡಾಕ್ಕೆ ಬರುತ್ತಾರೆ. ದೀಪ ಹಿಡಿದು ಮನೆಮನೆಗೆ ಬರುವ ಹುಡುಗಿಯರ ಮೇರಾ ಹಾಡು ಹತ್ತಾರು ಫೋನುಗಳಲ್ಲಿ ಹತ್ತಾರು ದಿಕ್ಕಿನಿಂದ ರೆಕಾರ್ಡ್ ಆಗುತ್ತದೆ. ಹಬ್ಬ ಮುಗಿದರೆ ಆ ಫೋನುಗಳು ಮತ್ತೆ ಊರು ಬಿಡುತ್ತವೆ. ಜಾಗ ತುಂಬಿತೆಂದು ಒಂದು ದಿನ ಯಾರೋ ಅಳಿಸುತ್ತಾರೆ. ಬಸ್ಸು ಹತ್ತುವ ಮುಂಚೆ ಫೋನು ತಂದು ಡಬ್ಬಿಗೆ ಸುರಿದು ಹೋದರೆ ಹಾಡು ತಾಂಡಾದಲ್ಲೇ ಉಳಿಯುತ್ತದೆ. ಹಿಂದೆ ಸುಗ್ಗಿಯ ಜೋಳವನ್ನು ಹಗೇವಿಗೆ ಇಳಿಸಿ ಬಾಯಿ ಮುಚ್ಚುತ್ತಿದ್ದರಲ್ಲ, ಬರಗಾಲಕ್ಕೆ ಆದೀತೆಂದು, ಅದೇ ಜಾಣತನ ಇದು. ತಾಂಡಾದವರ ಮಾತಾದ ಗೋರಬೋಲಿಯ ಹಾಡಿಗೆ ಟಿವಿ ಚಾನೆಲ್ಲುಗಳಲ್ಲಿ ಜಾಗ ಸಿಗುವುದು ಅಪರೂಪ. ತತ್ವಪದದ ಏಕತಾರಿಗೆ, ಮೊಹರಂ ಪದಕ್ಕೆ, ಸೇಡಂನ ದೊಡ್ಡವ್ವನ ಊಟದ ಕರೆಗೂ ಅಷ್ಟೇ. ಈ ಸೀಮೆಯ ಮನೆಗಳು ಆಡುವ ಬೆರಕೆ ಮಾತಿಗೆ ಯಾವ ಕಂಪನಿಯೂ ಅಂಗಡಿ ತೆರೆಯುವುದಿಲ್ಲ. ತಾವೇ ಕಟ್ಟಿಕೊಳ್ಳಬೇಕು. ಪಕ್ಕದ ಮನೆಯವರ ಪ್ರಶ್ನೆಗೆ ಇದು ಉತ್ತರ.

ಸಂಜೆ ಏಳು ದಾಟಿತು. ಶಹಾಬಾದಿನ ಪಡಸಾಲೆಯಲ್ಲಿ ಎಲ್ಲ ಸಿದ್ಧ. ಕೋಡಿಯ ನೀಲಿ ಪರದೆಯ ಮೇಲೆ ಸೇಡಂನ ಮದುವೆ, ಕನ್ನಡ ಅಕ್ಷರದಲ್ಲೇ ಹೆಸರು. ಪಕ್ಕದ ಮನೆಯವರು ಈಗ ಸಂಸಾರಸಮೇತ ಬಂದಿದ್ದಾರೆ. ಅಷ್ಟರಲ್ಲಿ ಆಯಿ ಸೆರಗಿಗೆ ಕೈ ಒರೆಸುತ್ತ ಒಳಗಿನಿಂದ ಬಂದು ರಿಮೋಟಿಗೆ ಕೈ ಚಾಚುತ್ತಾರೆ. ಎಚ್‌ಡಿಎಂಐ ಎರಡರಿಂದ ಒಂದಕ್ಕೆ ಬಾ ಎಂಬ ಆಜ್ಞೆ. ಒಂದರಲ್ಲಿ ಸೀರಿಯಲ್ ಇದೆ.

"ಆಯೀ, ಎಲ್ಲರೂ ಮದುವಿ ನೋಡಾಕ ಬಂದಾರ!"

"ನೋಡ್ರಿ, ಯಾರ್ ಬ್ಯಾಡ ಅಂದಾರ? ನನ್ನ ಸೀರಿಯಲ್ ಈಗ ಹೋದ್ರ ಹೋತು. ನಿಮ್ಮದು ಡಬ್ಬಿನಾಗ ಅದ, ಎಲ್ಲಿ ಹೋಗ್ತದ?"

ಅರ್ಧ ತಾಸು ಎಲ್ಲರೂ ಸೀರಿಯಲ್ ನೋಡಿದರು. ಆಯಿ ಹೇಳಿದ್ದರಲ್ಲಿ ಒಂದೇ ಒಂದು ತಿದ್ದುಪಡಿ ಬೇಕು: ಡಬ್ಬಿಯಲ್ಲಿದ್ದದ್ದೂ ಹೋಗುತ್ತದೆ. ಹಾರ್ಡ್ ಡಿಸ್ಕಿಗೂ ಆಯುಷ್ಯವಿದೆ, ಅದು ಹೇಳಿ ಹೋಗುವುದಿಲ್ಲ. ಅದಕ್ಕೇ ಎರಡನೆಯ ಪ್ರತಿ ಬೇಕು, ಅದೂ ಬೇರೆ ಮನೆಯಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ. ಮೊಮ್ಮಗ ಇನ್ನೊಂದು ಡಿಸ್ಕ್ ತುಂಬಿಸಿ ಸೇಡಂನ ಅತ್ತೆಯ ಮನೆಗೆ ಕೊಟ್ಟು ಬರುವವನಿದ್ದಾನೆ. ಮಾವನದು ಒಂದೇ ಷರತ್ತು: ತಮ್ಮ ತಮ್ಮನ ಮದುವೆಯ ನಾಲ್ಕು ಕ್ಯಾಸೆಟ್ಟೂ ಅದರಲ್ಲಿ ಇಳಿಯಬೇಕು, ಆ ಹಿಂದಿ ಹಾಡುಗಳನ್ನು ಹೇಗಾದರೂ ತೆಗೆದು.